ಜ್ವರ ಶುರುವಾದ ತಾರೀಖು ಯಾವುದು?

ಮಲೆನಾಡಿನ ಸಣ್ಣ ಊರುಗಳಲ್ಲಿ ಐದಾರು ದಿನ ಜ್ವರ ಇಳಿಯದೆ ದೊಡ್ಡಾಸ್ಪತ್ರೆಗೆ ಬರುವವರ ಕಿಸೆಯಲ್ಲಿ ಹೆಚ್ಚಾಗಿ ಒಂದು ಲ್ಯಾಬ್ ಚೀಟಿ ಇರುತ್ತದೆ. ಟೈಫಾಯ್ಡ್‌ಗೆಂದು ಮಾಡುವ ವಿಡಾಲ್ ರಕ್ತ ಪರೀಕ್ಷೆ ಪಾಸಿಟಿವ್. ಅದನ್ನು ನಂಬಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಮೂರೋ ನಾಲ್ಕೋ ಆಗಿರುತ್ತದೆ. "ಟೈಫಾಯ್ಡ್ ಅಂದ್ರು, ಏನ್ ಮಾಡಿದ್ರೂ ಇಳೀತಾ ಇಲ್ಲ" ಎನ್ನುತ್ತಾರೆ ಜೊತೆಗೆ ಬಂದವರು. ಒಂದೇ ಸಲ ಮಾಡಿದ ವಿಡಾಲ್‌ಗೆ ನಮ್ಮ ಕಡೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಹಿಂದೆ ಯಾವಾಗಲೋ ಬಂದುಹೋದ ಸೋಂಕು, ಹಾಕಿಸಿಕೊಂಡ ಲಸಿಕೆ, ಈಗ ಬಂದಿರುವ ಬೇರೆಯದೇ ಜ್ವರ, ಯಾವುದಕ್ಕೂ ಅದು ಪಾಸಿಟಿವ್ ಆಗಬಲ್ಲದು. ಟೈಫಾಯ್ಡ್ ಅನುಮಾನವಿದ್ದರೆ ಆಂಟಿಬಯೋಟಿಕ್ ಕೊಡುವ ಮುಂಚೆ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಬೇಕು. ಅದನ್ನು ಮಾಡದೆ ಇಂಜೆಕ್ಷನ್ ಶುರುಮಾಡಿದರೆ ಟೈಫಾಯ್ಡ್ ಇದ್ದರೂ ಗೊತ್ತಾಗುವುದಿಲ್ಲ, ಇಲ್ಲದಿದ್ದರೂ ಗೊತ್ತಾಗುವುದಿಲ್ಲ.

ಹಾಗೆ ಟೈಫಾಯ್ಡ್ ಹೆಸರಿನಲ್ಲಿ ಅಡಗಿಕೊಳ್ಳುವ ನಾಲ್ಕು ಜ್ವರಗಳಿವೆ: ಮಂಗನ ಕಾಯಿಲೆ, ಸ್ಕ್ರಬ್ ಟೈಫಸ್, ಇಲಿ ಜ್ವರ, ಮೆಲಿಯಾಯ್ಡೋಸಿಸ್. ಇವುಗಳ ಬಗ್ಗೆ ಪುಸ್ತಕದಲ್ಲಿ ಬೇಕಾದಷ್ಟಿದೆ. ಎದುರಿಗೆ ಕೂತ ಒಬ್ಬ ರೋಗಿಯಲ್ಲಿ ಇವನ್ನು ಬೇರೆ ಮಾಡುವುದು ಹೇಗೆ ಎನ್ನುವುದಷ್ಟೇ ಇಲ್ಲಿನ ವಿಷಯ. ಔಷಧದ ಪ್ರಮಾಣ ಬರೆದಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಿರಿಯ ವೈದ್ಯರಿಗಾಗಿ. ಉಳಿದವರು ಅದನ್ನು ಓದಿಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ.

ಮೊದಲ ಕೆಲಸ ತಾರೀಖು ಹಿಡಿಯುವುದು. ಇದು ಕೇಳಿದಷ್ಟು ಸುಲಭವಲ್ಲ. "ಜ್ವರ ಯಾವಾಗಿಂದ ಅಜ್ಜ?" ಎಂದರೆ "ಆತು, ನಾಕೈದ್ ದಿನ" ಎಂಬ ಉತ್ತರ ಬರುತ್ತದೆ. ಆ ನಾಲ್ಕೈದು ಎನ್ನುವುದು ಮೂರೂ ಆಗಿರಬಹುದು, ಒಂಬತ್ತೂ ಆಗಿರಬಹುದು. ಸಂತೆಗೆ ಮುಂಚೆ ಬಂತೋ ಆಮೇಲೋ, ಮೊದಲ ಸಲ ಚಳಿ ಹತ್ತಿದಾಗ ಯಾವ ಕೆಲಸದಲ್ಲಿದ್ದರು, ಆವತ್ತು ರಾತ್ರಿ ಊಟ ಸೇರಿತ್ತೋ ಇಲ್ಲವೋ, ಹೀಗೆ ಕೇಳುತ್ತ ಹೋದರೆ ತಾರೀಖು ಸಿಕ್ಕೇ ಸಿಗುತ್ತದೆ. ಮನೆಯ ಹೆಂಗಸರಿಗೆ ಸಾಮಾನ್ಯವಾಗಿ ರೋಗಿಗಿಂತ ಚೆನ್ನಾಗಿ ನೆನಪಿರುತ್ತದೆ. ಸಿಕ್ಕಿದ್ದನ್ನು ಕೇಸ್ ಶೀಟಿನಲ್ಲಿ ತಾರೀಖಾಗಿಯೇ ಬರೆಯಿರಿ. "ನಾಲ್ಕು ದಿನದ ಜ್ವರ" ಎಂದು ಬರೆದರೆ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಹೋಗುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ, ಚೀಟಿಯಲ್ಲಿ ಮಾತ್ರ ನಾಲ್ಕು ನಾಲ್ಕಾಗಿಯೇ ಉಳಿದಿರುತ್ತದೆ. ಅದನ್ನೇ ನೋಡಿ ಮುಂದಿನವರು ಪರೀಕ್ಷೆ ಬರೆಯುತ್ತಾರೆ.

ತಾರೀಖಿಗೆ ಇಷ್ಟು ಜೋತು ಬೀಳುವುದು ಏಕೆಂದರೆ ಪ್ರತಿ ಪರೀಕ್ಷೆಗೂ ಒಂದು ಅವಧಿ ಇದೆ. ಮೊದಲ ಕೆಲವು ದಿನ ರಕ್ತದಲ್ಲಿ ರೋಗಾಣು ಇರುತ್ತದೆ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಆಗ ಹಿಡಿಯಬೇಕಾದ್ದು ರೋಗಾಣುವನ್ನೇ: ಡೆಂಗಿಗೆ ವೈರಸ್ಸಿನದೇ ಪ್ರೋಟೀನಾದ ಎನ್‌ಎಸ್1, ಮಂಗನ ಕಾಯಿಲೆಗೆ ವೈರಸ್ಸಿನ ವಂಶವಸ್ತುವನ್ನು ಹುಡುಕುವ ಆರ್‌ಟಿ-ಪಿಸಿಆರ್, ಇಲಿ ಜ್ವರಕ್ಕೆ ರಕ್ತದ ಪಿಸಿಆರ್. ಐದನೇ ದಿನದ ಹೊತ್ತಿಗೆ ಐಜಿಎಂ ಪ್ರತಿಕಾಯ ಏರತೊಡಗುತ್ತದೆ, ಎನ್‌ಎಸ್1 ಇಳಿಯತೊಡಗುತ್ತದೆ. ಸ್ಕ್ರಬ್ ಟೈಫಸ್ ಮತ್ತು ಇಲಿ ಜ್ವರದ ಐಜಿಎಂ ಎಲೈಸಾ (ರಕ್ತದಲ್ಲಿ ಈ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ) ಮೊದಲ ವಾರದ ಕೊನೆಯವರೆಗೂ ನೆಗೆಟಿವ್ ಬರಬಹುದು. ಮೂರನೇ ದಿನ ಐಜಿಎಂ ಕಳಿಸಿ, ನೆಗೆಟಿವ್ ಬಂತೆಂದು ಸ್ಕ್ರಬ್ ಟೈಫಸ್ ಹೊಡೆದುಹಾಕುವುದು ನಮ್ಮಲ್ಲಿ ಅತಿ ಸಾಮಾನ್ಯವಾಗಿ ಆಗುವ ತಪ್ಪು. ಅನುಮಾನ ಉಳಿದಿದ್ದರೆ ಏಳೆಂಟನೇ ದಿನಕ್ಕೆ ಇನ್ನೊಮ್ಮೆ ರಕ್ತ ತೆಗೆಯಬೇಕು. ಇನ್ನೊಂದು ತುದಿಯಲ್ಲೂ ತೊಂದರೆ ಇದೆ. ಒಮ್ಮೆ ಏರಿದ ಐಜಿಎಂ ತಿಂಗಳುಗಟ್ಟಲೆ ಉಳಿಯಬಹುದು, ಹಾಗಾಗಿ ಪಾಸಿಟಿವ್ ಬಂದ ಮಾತ್ರಕ್ಕೆ ಈಗಿನ ಜ್ವರ ಅದೇ ಎಂದು ಹೇಳಲಾಗದು. ಡೆಂಗಿ ವೈರಸ್ಸೂ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಕುಲದವು, ಫ್ಲೇವಿವೈರಸ್‌ಗಳು. ಈ ಕುಲದ ಪ್ರತಿಕಾಯ ಪರೀಕ್ಷೆಗಳು ಒಂದಕ್ಕೆ ಇನ್ನೊಂದು ಪಾಸಿಟಿವ್ ತೋರಿಸುವುದುಂಟು. ಫೆಬ್ರವರಿಯಲ್ಲಿ ಕಾಡಂಚಿನ ಮನೆಯವರಿಗೆ ಡೆಂಗಿ ಐಜಿಎಂ ಕಾರ್ಡ್ ಸಣ್ಣಗೆ ಗೆರೆ ತೋರಿಸಿದರೆ ಅಲ್ಲಿಗೇ ನಿಲ್ಲಬಾರದು.

ಎರಡನೆಯ ಪ್ರಶ್ನೆ ಹಿಂದಿನ ಮೂರು ವಾರದ ಕೆಲಸದ್ದು. ಡಿಸೆಂಬರಿನಿಂದ ಮೇವರೆಗೆ ದರಗು (ಉದುರಿದ ಒಣ ಎಲೆ) ಗುಡಿಸಲು, ಸೌದೆಗೆ, ಸೊಪ್ಪಿನಬೆಟ್ಟಕ್ಕೆ, ದನ ಹೊಡೆದುಕೊಂಡು ಕಾಡಿಗೆ ಹೋಗಿದ್ದರೆ ಮಂಗನ ಕಾಯಿಲೆ. ಮಳೆ ಹಿಂದೆ ಸರಿದು ಬೇಣದಲ್ಲಿ ಹುಲ್ಲು ಎದ್ದ ಮೇಲೆ, ಸೆಪ್ಟೆಂಬರಿನಿಂದ ಜನವರಿವರೆಗೆ, ಹುಲ್ಲು ಕೊಯ್ಲು, ಕಳೆ ಸವರುವ ಕೆಲಸವಾದರೆ ಸ್ಕ್ರಬ್ ಟೈಫಸ್. ನಾಟಿ ಗದ್ದೆ, ಅಡಿಕೆ ತೋಟದ ಬಸಿಗಾಲುವೆ ಎತ್ತುವ ಕೆಲಸ, ಕಾಲಿನಲ್ಲಿ ಕೆಸರುಹುಣ್ಣು ಇದ್ದರೆ ಇಲಿ ಜ್ವರ. ಅದೇ ಮಳೆಗಾಲ, ಅದೇ ಕೆಸರು, ಜೊತೆಗೆ ಹಿಡಿತಕ್ಕೆ ಬಾರದ ಶುಗರ್ ಇದ್ದರೆ ಮೆಲಿಯಾಯ್ಡೋಸಿಸ್ ತಲೆಗೆ ಬರಲೇಬೇಕು. ಇವೆಲ್ಲ ಒಲವುಗಳಷ್ಟೇ, ಗೋಡೆಗಳಲ್ಲ. ಡಿಸೆಂಬರ್-ಜನವರಿಯಲ್ಲಿ ಮೊದಲೆರಡೂ ಒಟ್ಟೊಟ್ಟಿಗೆ ಓಡಾಡುತ್ತಿರುತ್ತವೆ. ಆಗ ಉಪಯೋಗಕ್ಕೆ ಬರುವುದು ಕಣ್ಣು.

ಸ್ಕ್ರಬ್ ಟೈಫಸ್ಸಿನಲ್ಲಿ ನುಸಿಯ ಮರಿ ಕಚ್ಚಿದ ಜಾಗದಲ್ಲಿ ಒಂದು ಕಲೆ ಏಳುತ್ತದೆ. ವೈದ್ಯರು ಎಸ್ಕಾರ್ ಎನ್ನುತ್ತಾರೆ. ಅದನ್ನು ಕಂಡರೆ ರೋಗ ಬಹುಮಟ್ಟಿಗೆ ಸಿಕ್ಕಿದಂತೆ, ಎಲೈಸಾಕ್ಕೆ ಕಾಯಬೇಕಿಲ್ಲ. ಆದರೆ ರೋಗಿ ತಾನಾಗಿ ಎಂದೂ ಅದನ್ನು ತೋರಿಸುವುದಿಲ್ಲ, ಯಾಕೆಂದರೆ ನೋವಿಲ್ಲ, ತುರಿಕೆಯೂ ಇಲ್ಲವೆನ್ನುವಷ್ಟು ಕಡಿಮೆ. ಮೊದಲು ಸಣ್ಣ ಕೆಂಪು ಗುಳ್ಳೆ, ಆಮೇಲೆ ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಬೀಡಿ ತುದಿ ತಾಗಿ ಸುಟ್ಟ ಹಾಗೆ. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಅಗಲ. ಬಟ್ಟೆ ಬಿಗಿಯಾಗುವ, ಬೆವರು ನಿಲ್ಲುವ ಕಡೆಯೇ ಹೆಚ್ಚು: ಕಂಕುಳು, ತೊಡೆಸಂದು, ಲಂಗದ ಲಾಡಿ ಅಥವಾ ಉಡಿದಾರದ ಕೆಳಗೆ, ಸ್ತನದ ಅಡಿ, ಹೊಕ್ಕುಳ ಒಳಗೆ, ಕಿವಿಯ ಹಿಂದೆ, ಕೂದಲಿನ ಅಂಚು, ಪೃಷ್ಠದ ಸಂದು, ಗಂಡಸರಲ್ಲಿ ವೃಷಣದ ಚರ್ಮ. ತೇವವಿರುವ ಮಡಿಕೆಗಳಲ್ಲಿ ಕಪ್ಪು ಹಕ್ಕಳೆ ಕಟ್ಟುವುದೇ ಇಲ್ಲ, ಬರೀ ಹಳದಿ-ಬಿಳಿ ತಳದ ಚಿಕ್ಕ ಹುಣ್ಣು ಕಾಣುತ್ತದೆ. ಕಪ್ಪನ್ನೇ ಹುಡುಕುವವರ ಕಣ್ಣಿಗೆ ಇದು ತಪ್ಪಿಹೋಗುತ್ತದೆ.

ಹುಡುಕುವುದಕ್ಕೆ ಕ್ರಮ ಬೇಕು. ಪರದೆ ಎಳೆದು, ಹೆಂಗಸರಾದರೆ ನರ್ಸ್ ಜೊತೆಗಿದ್ದು, ಟಾರ್ಚ್ ಹಿಡಿದು, ತಲೆಯಿಂದ ಕಾಲಿನವರೆಗೆ ಮುಂದೆ ಒಮ್ಮೆ, ಹಿಂದೆ ಒಮ್ಮೆ. ಐದು ನಿಮಿಷದ ಕೆಲಸ. ಅಂಗಿಯ ಒಂದು ಗುಂಡಿ ಬಿಚ್ಚಿ ಹೊಟ್ಟೆ ನೋಡಿ "ಎಸ್ಕಾರ್ ಇಲ್ಲ" ಎಂದು ಬರೆದರೆ ನೋಡಲಿಲ್ಲ ಎಂದೇ ಅರ್ಥ. ಒಂದು ಉಪಾಯ: ತೊಡೆಸಂದಿನಲ್ಲೋ ಕಂಕುಳಲ್ಲೋ ಒಂದೇ ಕಡೆ ಗ್ರಂಥಿ ಊದಿ ಮುಟ್ಟಿದರೆ ನೋವಾಗುತ್ತಿದ್ದರೆ, ಅದಕ್ಕೆ ಸೇರಿದ ಪ್ರದೇಶವನ್ನು ಮತ್ತೊಮ್ಮೆ ಬೆರಳಿಟ್ಟು ನೋಡಿ. ಕಲೆ ಅಲ್ಲೇ ಎಲ್ಲೋ ಇರುತ್ತದೆ. ಹಕ್ಕಳೆ ಸಿಕ್ಕರೆ ಅದನ್ನೇ ಎತ್ತಿ ಪಿಸಿಆರ್‌ಗೆ ಕಳಿಸಬಹುದು, ರಕ್ತಕ್ಕಿಂತ ಅದರಲ್ಲಿ ರೋಗಾಣು ಸಿಗುವ ಸಾಧ್ಯತೆ ಹೆಚ್ಚು. ಸಿಗದಿದ್ದರೆ ರೋಗ ಇಲ್ಲವೆಂದಲ್ಲ. ಎಷ್ಟೋ ರೋಗಿಗಳಲ್ಲಿ ಎಸ್ಕಾರ್ ಇರುವುದೇ ಇಲ್ಲ.

ಔಷಧ ಅಗ್ಗದ್ದು. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 7 ದಿನ. 45 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕಿಲೋಗೆ ದಿನಕ್ಕೆ 4.5 ಮಿಲಿಗ್ರಾಂ, ಎರಡು ಪಾಲು ಮಾಡಿ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ 500 ಮಿಲಿಗ್ರಾಂ ದಿನಕ್ಕೊಂದು, 5 ದಿನ. ಡಾಕ್ಸಿಸೈಕ್ಲಿನ್ ನುಂಗುವ ರೀತಿಯನ್ನು ಯಾರೂ ಹೇಳಿಕೊಡುವುದಿಲ್ಲ: ಊಟವಾದ ಮೇಲೆ ದೊಡ್ಡ ಲೋಟದ ತುಂಬ ನೀರಿನ ಜೊತೆ, ಕೂತು ಅಥವಾ ನಿಂತು, ಆಮೇಲೆ ಅರ್ಧ ಗಂಟೆ ಮಲಗಬಾರದು. ಒಂದು ಗುಟುಕಿನಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಸಿಕ್ಕಿ ಹುಣ್ಣಾಗುತ್ತದೆ, ಮರುದಿನ ಎಂಜಲು ನುಂಗಲೂ ಆಗದೆ ಔಷಧವನ್ನೇ ಬಿಡುತ್ತಾರೆ. ಹಾಲು, ಅಸಿಡಿಟಿ ಸಿರಪ್, ಕಬ್ಬಿಣದ ಮಾತ್ರೆಯ ಜೊತೆಗೂ ಬೇಡ, ಎರಡು ಗಂಟೆ ಅಂತರವಿರಲಿ. ಸರಿಯಾದ ರೋಗಕ್ಕೆ ಸರಿಯಾದ ಔಷಧ ಬಿದ್ದಿದ್ದರೆ 48ರಿಂದ 72 ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಮಾತ್ರೆ ಬದಲಿಸುವ ಮೊದಲು ರೋಗನಿರ್ಣಯವನ್ನು ಪ್ರಶ್ನಿಸಿ. ಸೆಫ್ಟ್ರಿಯಾಕ್ಸೋನ್ ಸ್ಕ್ರಬ್ ಟೈಫಸ್ಸಿಗೆ ನಾಟುವುದಿಲ್ಲ. ಆ ರೋಗಾಣು ಜೀವಕೋಶದ ಒಳಗೆ ಕೂತು ಬೆಳೆಯುವಂಥದ್ದು, ಪೆನಿಸಿಲಿನ್ ಬಳಗದ ಔಷಧಗಳು ಅದನ್ನು ಏನೂ ಮಾಡಲಾರವು. ಮೊದಲು ಹೇಳಿದ "ಇಳಿಯದ ಟೈಫಾಯ್ಡ್" ಎಷ್ಟೋ ಸಲ ಇದೇ.

ಉಸಿರು ಹೆಚ್ಚಾಗಿದ್ದರೆ, ರಕ್ತದೊತ್ತಡ ಬಿದ್ದಿದ್ದರೆ, ಮಂಪರು ಹತ್ತಿದ್ದರೆ ಮಾತ್ರೆಯ ಹಂತ ಮೀರಿತೆಂದು ತಿಳಿಯಬೇಕು. ಭಾರತದ ಹಲವು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರ ಸ್ಕ್ರಬ್ ಟೈಫಸ್ಸಿನಲ್ಲಿ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳಕ್ಕೆ 7 ದಿನ ಕೊಡುವುದು ಯಾವುದೋ ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು ತೋರಿಸಿದೆ.

ಇನ್ನು ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಗೆ ಬಂದ ರೋಗ, ಹಾಗಾಗಿ ಜಗತ್ತಿನ ಪುಸ್ತಕಗಳಲ್ಲೆಲ್ಲ ನಮ್ಮೂರಿನ ಹೆಸರು. ಹರಡುವುದು ಉಣುಗು (ಉಣ್ಣೆ), ಅದರಲ್ಲೂ ಬೇಸಿಗೆಯ ಮುಂಚೆ ದರಗಿನಲ್ಲಿ ತುಂಬಿರುವ ಸಾಸಿವೆ ಗಾತ್ರದ ಮರಿ ಉಣುಗು. ಕಚ್ಚಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಿರುವುದಿಲ್ಲ, ಆದ್ದರಿಂದ "ಉಣುಗು ಕಚ್ಚಿತ್ತಾ?" ಎಂಬ ಪ್ರಶ್ನೆಗೆ ಇಲ್ಲವೆಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಸುಪಾಸಿನಲ್ಲಿ ಮಂಗ ಸತ್ತಿದ್ದನ್ನು ಕೇಳಿ. ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಇದ್ದಕ್ಕಿದ್ದಂತೆ ಏರುತ್ತದೆ. ಹಣೆಯ ಸಿಡಿತ, ಸೊಂಟ ಮತ್ತು ಕಾಲಿನ ವಿಪರೀತ ನೋವು, ಕೆಂಪು ಕಣ್ಣು, ವಾಂತಿ, ಭೇದಿ. ಅಂಗುಳಿನಲ್ಲಿ ಸಣ್ಣ ನೀರುಗುಳ್ಳೆ ಕಾಣಬಹುದು, ಬಾಯಿ ತೆರೆಸಿ ಟಾರ್ಚ್ ಹಾಕಿ. ಜ್ವರ 103 ಡಿಗ್ರಿ ಇದ್ದರೂ ನಾಡಿ ಅದಕ್ಕೆ ತಕ್ಕಷ್ಟು ಓಡುತ್ತಿರುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಜೊತೆ ಬಿಳಿ ರಕ್ತಕಣವೂ ಇಳಿದಿರುತ್ತದೆ. ಈ ಬಿಳಿ ರಕ್ತಕಣದ ಸಂಖ್ಯೆ ಪುಕ್ಕಟೆ ಸಿಗುವ ಸುಳಿವು, ಎಲ್ಲರೂ ಪ್ಲೇಟ್‌ಲೆಟ್ ಮಾತ್ರ ನೋಡಿ ಬಿಡುತ್ತಾರೆ. ಅದು 3,000ಕ್ಕೆ ಬಿದ್ದಿದ್ದರೆ ಮಂಗನ ಕಾಯಿಲೆ ಅಥವಾ ಡೆಂಗಿಯ ಕಡೆ ತೂಕ ಹೆಚ್ಚು. 15,000 ದಾಟಿದ್ದರೆ ಇಲಿ ಜ್ವರ, ಮೆಲಿಯಾಯ್ಡೋಸಿಸ್ ಅಥವಾ ಬೇರೆ ಬ್ಯಾಕ್ಟೀರಿಯಾ ಸೋಂಕನ್ನು ಹುಡುಕಬೇಕು.

ಮಂಗನ ಕಾಯಿಲೆಗೆ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ. ಮಾಡಬೇಕಾದ್ದು ಕಾವಲು. ಮೊದಲ ವಾರದಲ್ಲಿ ಆರು ಗಂಟೆಗೊಮ್ಮೆಯಾದರೂ ರಕ್ತದೊತ್ತಡ, ನಾಡಿ, ಮೂತ್ರದ ಪ್ರಮಾಣ, ಉಸಿರಿನ ಲೆಕ್ಕ. ವಸಡು, ಮೂಗು, ಮಲದಲ್ಲಿ ರಕ್ತ ಕಾಣುತ್ತದೆಯೇ ಎಂದು ದಿನವೂ ನೋಡಬೇಕು, ಅದು ಮೂರು-ನಾಲ್ಕನೇ ದಿನದಿಂದ ಶುರುವಾಗಬಹುದು. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಇನ್ನೇನೂ ಬೇಡ. ಮೈಕೈ ನೋವು ತಡೆಯಲಾಗದೆ ಕ್ಲಿನಿಕ್ಕಿನಲ್ಲಿ ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವುದು ದೊಡ್ಡ ಪೀಡೆ: ಪ್ಲೇಟ್‌ಲೆಟ್ ಕೆಲಸ ಕೆಡುತ್ತದೆ, ಕಿಡ್ನಿಗೆ ಹೊಡೆತ, ಚುಚ್ಚಿದ ಜಾಗದಲ್ಲಿ ರಕ್ತ ಗಂಟುಕಟ್ಟುತ್ತದೆ. ಡ್ರಿಪ್ ಕೂಡ ಅಳತೆಯಲ್ಲಿ. ಬಾಯಲ್ಲಿ ಕುಡಿಯಬಲ್ಲವರಿಗೆ ಗಂಜಿ, ಓಆರ್‌ಎಸ್ ಸಾಕು. ಮೂರು ಬಾಟ್ಲಿ ಗ್ಲೂಕೋಸ್ ಏರಿಸದಿದ್ದರೆ ಚಿಕಿತ್ಸೆಯೇ ಅಲ್ಲ ಎನ್ನುವ ನಂಬಿಕೆಗೆ ಮಣಿದರೆ ಮಾರನೇ ದಿನ ಶ್ವಾಸಕೋಶದಲ್ಲಿ ನೀರು. ಪ್ಲೇಟ್‌ಲೆಟ್ ಕೊಡುವುದು ರಕ್ತಸ್ರಾವ ಇದ್ದಾಗ ಅಥವಾ ಸಂಖ್ಯೆ 10,000ಕ್ಕಿಂತ ಕೆಳಗಿಳಿದಾಗ. 40,000 ಎಂದು ಗಾಬರಿಬಿದ್ದು ಬ್ಲಡ್ ಬ್ಯಾಂಕಿಗೆ ಓಡುವ ಅಗತ್ಯವಿಲ್ಲ. ಸಾಯುವವರು 100ಕ್ಕೆ 3ರಿಂದ 5.

ಬಿಡುಗಡೆ ಚೀಟಿಯಲ್ಲಿ ಬರೆಯಲೇಬೇಕಾದ ಒಂದು ಮಾತಿದೆ. 100ರಲ್ಲಿ 10ರಿಂದ 20 ಜನಕ್ಕೆ ಜ್ವರ ಬಿಟ್ಟು ಒಂದೆರಡು ವಾರ ಆರಾಮವಾದ ಮೇಲೆ ಎರಡನೇ ಸುತ್ತು ಬರುತ್ತದೆ, ಈ ಸಲ ಮಿದುಳಿಗೆ: ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕಣ್ಣು ಮಂಜು, ಅರಳುಮರಳು. ಅಷ್ಟರಲ್ಲಿ ಮನೆಯವರು ಕಾಯಿಲೆ ಮುಗಿಯಿತೆಂದು ಹಳೆ ಚೀಟಿ ಎಸೆದಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿನವರು ಹೊಸ ರೋಗವೆಂದು ಮೊದಲಿನಿಂದ ಶುರುಮಾಡುತ್ತಾರೆ. "ಮೂರು ವಾರದೊಳಗೆ ಮತ್ತೆ ಜ್ವರ ಬಂದರೆ ಅಥವಾ ಮಾತು ಅರಳುಮರಳಾದರೆ ಇದೇ ಚೀಟಿ ಹಿಡಿದು ಬನ್ನಿ" ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಬೇಕು. ಈ ಕಾಯಿಲೆಯಲ್ಲಿ ಡಾಕ್ಸಿಸೈಕ್ಲಿನ್ ಕೊಟ್ಟ ಮೇಲೆ ಜ್ವರ ಇಳಿದರೆ ಅದು ಔಷಧದ ಗುಣವೆಂದು ಮೋಸಹೋಗುವುದೂ ಉಂಟು. ತನ್ನ ಪಾಡಿಗೆ ಇಳಿಯುವ ಜ್ವರ ಅದು.

ಲಸಿಕೆ ಹಾಕಿಸಿಕೊಂಡಿದ್ದಾರೆ ಎಂಬ ಕಾರಣಕ್ಕೆ ಮಂಗನ ಕಾಯಿಲೆಯನ್ನು ತಳ್ಳಿಹಾಕುವಂತಿಲ್ಲ. ಹಳೆಯ ಲಸಿಕೆಯ ರಕ್ಷಣೆ ಸಾಲದೆಂದೇ ಅದನ್ನು ನಿಲ್ಲಿಸಿದ್ದು. ಈಗ ಕಾಡಿಗೆ ಹೋಗುವವರ ಕೈಲಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ, ಉದ್ದ ತೋಳಿನ ಅಂಗಿ, ಬಂದ ಮೇಲೆ ಬಿಸಿನೀರು-ಸೋಪಿನ ಸ್ನಾನ. ಅಂಟಿದ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಇಲಿ ಜ್ವರದ ಬಗ್ಗೆ ಜನಕ್ಕೂ ವೈದ್ಯರಿಗೂ ಸಾಕಷ್ಟು ಗೊತ್ತಿದೆ, ಆದ್ದರಿಂದ ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ. ಮೀನಖಂಡ ಹಿಸುಕಿದರೆ ರೋಗಿ ಕಾಲು ಎಳೆದುಕೊಳ್ಳುತ್ತಾನೆ, ಕಣ್ಣು ಕೆಂಪಗಿದ್ದರೂ ಗೀಜು ಇರುವುದಿಲ್ಲ. ಕಾಮಾಲೆ ಬಂದಾಗ ಮನೆಯವರು ನಾಟಿ ಔಷಧಿಗೆ ಕರೆದೊಯ್ಯುತ್ತಾರೆ, ಆಸ್ಪತ್ರೆಯವರೂ ಲಿವರ್ ಎಂದುಕೊಳ್ಳುತ್ತಾರೆ. ಕಾಮಾಲೆಯ ಅಳತೆಯಾದ ಬಿಲಿರುಬಿನ್ 15 ದಾಟಿದ್ದರೂ, ಲಿವರಿನ ಹಾನಿ ತೋರಿಸುವ ಎಸ್‌ಜಿಪಿಟಿ 200ರ ಒಳಗೇ ಇದ್ದರೆ ಅದು ವೈರಲ್ ಕಾಮಾಲೆಯ ನಡವಳಿಕೆಯಲ್ಲ, ಅದರಲ್ಲಿ ಎಸ್‌ಜಿಪಿಟಿ ಸಾವಿರಗಳಲ್ಲಿರುತ್ತದೆ. ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಏರಿದ್ದರೆ ಇಲಿ ಜ್ವರದ ಅನುಮಾನ ಇನ್ನಷ್ಟು ಗಟ್ಟಿ. ಕಿಡ್ನಿ ಕೆಟ್ಟಿದ್ದರೂ ಪೊಟ್ಯಾಸಿಯಂ ಕಡಿಮೆ ಇರುವುದು ಈ ರೋಗದ ವಿಚಿತ್ರ. ಕಿಡ್ನಿಯ ಅಳತೆಯಾದ ಕ್ರಿಯಾಟಿನಿನ್ ಏರಿದೆ ಎಂದ ಕೂಡಲೇ ಪೊಟ್ಯಾಸಿಯಂ ಇರುವ ಎಳನೀರು, ಹಣ್ಣು ನಿಲ್ಲಿಸುವ ಬದಲು ಪೊಟ್ಯಾಸಿಯಂ ಅಳೆಯಿರಿ. ಸೌಮ್ಯ ರೋಗಕ್ಕೆ ಅದೇ ಡಾಕ್ಸಿಸೈಕ್ಲಿನ್ 7 ದಿನ. ಅದಕ್ಕೇ ಮಳೆಗಾಲದ ಕೊನೆಯಲ್ಲಿ ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡರ ನಡುವೆ ತೀರ್ಮಾನಕ್ಕೆ ಬಾರದಾಗ ವರದಿಗೆ ಕಾಯದೆ ಅದನ್ನು ಶುರುಮಾಡುವುದು ಜಾಣತನ. ತೀವ್ರವಾದರೆ ಪೆನಿಸಿಲಿನ್ ಜಿ 15 ಲಕ್ಷ ಯೂನಿಟ್ 6 ಗಂಟೆಗೊಮ್ಮೆ, ಅಥವಾ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ದಿನಕ್ಕೊಂದು, 7 ದಿನ. ಮೊದಲ ಡೋಸ್ ಆದ ಕೆಲವು ಗಂಟೆಯಲ್ಲಿ ಚಳಿ ಹತ್ತಿ ರಕ್ತದೊತ್ತಡ ಇಳಿದರೆ ಅಲರ್ಜಿ ಎಂದು ಔಷಧ ನಿಲ್ಲಿಸುವ ಮುನ್ನ ಯೋಚಿಸಿ, ಸಾಯುತ್ತಿರುವ ರೋಗಾಣುಗಳಿಂದಲೂ ಹಾಗಾಗುತ್ತದೆ. ಕೆಮ್ಮಿನಲ್ಲಿ ರಕ್ತದ ಎಳೆ ಕಂಡರೆ, ಆಮ್ಲಜನಕ ಇಳಿಯುತ್ತಿದ್ದರೆ, ವೆಂಟಿಲೇಟರ್ ಇರುವ ಕಡೆಗೆ ಆವತ್ತೇ ಸಾಗಿಸಬೇಕು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದಾದರೆ ಸಿಲಿಂಡರ್ ತುಂಬಿದೆಯೇ ಎಂದು ನೋಡಿಕೊಂಡೇ ಹೊರಡಬೇಕು.

ನಾಲ್ಕರಲ್ಲಿ ಅತಿ ಕಡಿಮೆ ಸಿಗುವುದು, ಅತಿ ಹೆಚ್ಚು ತಪ್ಪುವುದು ಮೆಲಿಯಾಯ್ಡೋಸಿಸ್. ಮಣ್ಣು, ಕೆಸರುನೀರಿನಲ್ಲಿರುವ ಬರ್ಖೋಲ್ಡೇರಿಯಾ ಸೂಡೋಮ್ಯಾಲಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಹಿಡಿಯುವುದು ಹೆಚ್ಚಾಗಿ ಸಕ್ಕರೆ ಕಾಯಿಲೆಯವರನ್ನು, ವಿಪರೀತ ಕುಡಿಯುವವರನ್ನು, ಕಿಡ್ನಿ ಕೆಟ್ಟವರನ್ನು. ಇದಕ್ಕೆ ತನ್ನದೇ ಮುಖವಿಲ್ಲ. ನ್ಯುಮೋನಿಯಾ ಆಗಿ ಬರುತ್ತದೆ, ಮಂಡಿಯ ಕೀವಾಗಿ ಬರುತ್ತದೆ, ಮಕ್ಕಳಲ್ಲಿ ಕೆನ್ನೆಯ ಲಾಲಾಗ್ರಂಥಿಯ ಬಾವಾಗಿ ಬರುತ್ತದೆ, ಗಂಡಸರಲ್ಲಿ ಮೂತ್ರ ಕಟ್ಟಿ ಪ್ರೊಸ್ಟೇಟಿನ ಕೀವಾಗಿ ಬರುತ್ತದೆ. ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡು, ಕಫದಲ್ಲಿ ಏನೂ ಸಿಗದೆ, ಕ್ಷಯವೆಂದು ಮಾತ್ರೆ ಶುರುವಾಗಿ ತಿಂಗಳಾದರೂ ಜ್ವರ ಬಿಡದವರಲ್ಲಿ ಇದನ್ನು ನೆನೆಯಬೇಕು. ಶುಗರ್ ಇರುವ ರೋಗಿಗೆ ಮಳೆಗಾಲದಲ್ಲಿ ಜ್ವರ ಬಂದು ಸ್ಕ್ಯಾನಿನಲ್ಲಿ ಗುಲ್ಮದಲ್ಲಿ (ಸ್ಪ್ಲೀನ್) ಕೀವುಗುಳ್ಳೆಗಳು ಕಂಡರೆ, ಅಲ್ಲವೆಂದು ಸಾಬೀತಾಗುವವರೆಗೆ ಇದೇ ಎಂದುಕೊಂಡು ನಡೆಯುವುದು ಕ್ಷೇಮ.

ಇದನ್ನು ಹಿಡಿಯುವುದು ಕಲ್ಚರ್ ಒಂದೇ. ಆಂಟಿಬಯೋಟಿಕ್ ಮೊದಲು ಎರಡು ಬೇರೆ ಬೇರೆ ಕಡೆಯಿಂದ ರಕ್ತ, ಬಾಟಲಿಗೆ 8ರಿಂದ 10 ಮಿಲಿಲೀಟರ್. ಎರಡು ಮಿಲಿಲೀಟರ್ ಹಾಕಿ ಕಳಿಸಿದರೆ ಬೆಳೆಯದೇ ಹೋಗುವ ಸಾಧ್ಯತೆಯೇ ಹೆಚ್ಚು. ಜೊತೆಗೆ ಮೂತ್ರ, ಗಂಟಲಿನ ಸ್ವಾಬ್, ಕಫ, ಎಲ್ಲಾದರೂ ಕೀವಿದ್ದರೆ ಅದೂ. ಲ್ಯಾಬಿನಲ್ಲಿ ಮೊದಲ ದಿನ ತಟ್ಟೆಯ ಮೇಲೆ ಸೂಜಿಮೊನೆಯಷ್ಟು ಚಿಕ್ಕ, ನಯವಾದ ಚುಕ್ಕೆಗಳು. ಬೇರೆ ಯಾವುದಾದರೂ ಕಲಬೆರಕೆ ಎಂದು 48 ಗಂಟೆಗೆ ತಟ್ಟೆ ಎಸೆದರೆ ಕಥೆ ಮುಗಿಯಿತು. ಮೂರು-ನಾಲ್ಕನೇ ದಿನಕ್ಕೆ ಅವು ಒಣಗಿ ಸುಕ್ಕುಗಟ್ಟುತ್ತವೆ. ಗ್ರಾಂ ಬಣ್ಣ ಹಾಕಿದರೆ ಕಡ್ಡಿಯ ಎರಡು ತುದಿ ಮಾತ್ರ ಬಣ್ಣ ಹಿಡಿದು ನಡು ಖಾಲಿ ಉಳಿಯುತ್ತದೆ. ಎಷ್ಟೋ ವರದಿಗಳು "ಸೂಡೊಮೊನಾಸ್" ಎಂದು, ಬೇರೆಯದೇ ಬ್ಯಾಕ್ಟೀರಿಯಾದ ಹೆಸರಿನಲ್ಲಿ ಬಂದು ಅಲ್ಲಿಗೇ ನಿಲ್ಲುತ್ತವೆ. ಆಗ ಔಷಧಗಳ ಪಟ್ಟಿ ಓದಿ. ಜೆಂಟಾಮೈಸಿನ್‌ಗೆ ಬಗ್ಗುವುದಿಲ್ಲ, ಕೊಲಿಸ್ಟಿನ್‌ಗೂ ಬಗ್ಗುವುದಿಲ್ಲ, ಆದರೆ ಸಾದಾ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತದೆ ಎಂದಿದ್ದರೆ ಅದು ಸಾಮಾನ್ಯ ಸೂಡೊಮೊನಾಸ್ ಆಗಿರಲಾರದು, ಅದರ ನಡತೆ ಇದಕ್ಕೆ ತದ್ವಿರುದ್ಧ. ಮೈಕ್ರೊಬಯಾಲಜಿಯವರಿಗೆ ಫೋನ್ ಮಾಡಿ. ಕಳಿಸುವಾಗಲೇ ಫಾರ್ಮಿನಲ್ಲಿ ಅನುಮಾನವನ್ನು ಬರೆದಿದ್ದರೆ ಅವರೂ ತಟ್ಟೆಯನ್ನು ಉಳಿಸುತ್ತಾರೆ, ಮೂಗಿನ ಹತ್ತಿರ ಹಿಡಿಯದೆ ಜೋಪಾನವಾಗಿಯೂ ಇರುತ್ತಾರೆ.

ಚಿಕಿತ್ಸೆ ಎರಡು ಹಂತ. ಮೊದಲು ಸೆಫ್ಟಾಜಿಡಿಮ್ 2 ಗ್ರಾಂ 6ರಿಂದ 8 ಗಂಟೆಗೊಮ್ಮೆ ಅಥವಾ ಮೆರೊಪೆನೆಮ್ 1 ಗ್ರಾಂ 8 ಗಂಟೆಗೊಮ್ಮೆ, ಕನಿಷ್ಠ 2 ವಾರ. ಒಳಗೆ ಕೀವು ಕಟ್ಟಿದ್ದರೆ, ಅದನ್ನು ತೆಗೆದ ದಿನದಿಂದ 4 ವಾರ. ಮಿದುಳು, ಮೂಳೆಗೆ ಇನ್ನೂ ಹೆಚ್ಚು. ಇಲ್ಲಿ ಜ್ವರ ಇಳಿಯಲು ಒಂಬತ್ತು-ಹತ್ತು ದಿನ ಹಿಡಿಯುವುದು ಸಹಜ, ಡಾಕ್ಸಿಸೈಕ್ಲಿನ್ ಲೆಕ್ಕದಲ್ಲಿ ಮೂರನೇ ದಿನಕ್ಕೆ ಔಷಧ ಬದಲಿಸಿದರೆ ಕೆಲಸ ಕೆಡುತ್ತದೆ. ಎರಡನೇ ಹಂತ ಕೋಟ್ರೈಮಾಕ್ಸಜೋಲ್ ಮಾತ್ರೆ, ಕನಿಷ್ಠ 12 ವಾರ. 60 ಕಿಲೋ ದಾಟಿದವರಿಗೆ 160/800ರ ಡಬಲ್ ಸ್ಟ್ರೆಂತ್ ಮಾತ್ರೆ ಎರಡೆರಡು, ಬೆಳಿಗ್ಗೆ ಮತ್ತು ರಾತ್ರಿ. 40ರಿಂದ 60 ಕಿಲೋ ಇದ್ದರೆ 80/400ರದ್ದು ಮೂರು ಮೂರು. ಜೊತೆಗೆ ಫೋಲಿಕ್ ಆಸಿಡ್. ಮೆಡಿಕಲ್ ಶಾಪಿನವರು ಇಷ್ಟು ದೊಡ್ಡ ಡೋಸ್ ನೋಡಿ ತಪ್ಪಿರಬೇಕೆಂದು ಅರ್ಧ ಮಾಡಿಕೊಡುವ ಅಪಾಯವಿದೆ, ಚೀಟಿಯ ಮೇಲೆ ರೋಗದ ಹೆಸರನ್ನೂ ಬರೆಯುವುದು ಒಳ್ಳೆಯದು.

ಈ ಮಾತ್ರೆಗಳು ಸುಲಭದವಲ್ಲ. ಮೊದಲ ಕೆಲವು ವಾರ ವಾರಕ್ಕೊಮ್ಮೆ ರಕ್ತಕಣ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಬಿಪಿಗೆ ಟೆಲ್ಮಿಸಾರ್ಟನ್, ಎನಲಪ್ರಿಲ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ತಟ್ಟನೆ ಏರುತ್ತದೆ, ಶುಗರಿನವರಲ್ಲಿ ಇದೇ ಮಾತ್ರೆಗಳು ಹೆಚ್ಚು ಓಡುತ್ತವೆ ಎನ್ನುವುದನ್ನು ಮರೆಯಬಾರದು. ಮೈಮೇಲೆ ಕೆಂಪು ದದ್ದು, ಬಾಯಿಹುಣ್ಣು ಕಂಡ ದಿನವೇ ನಿಲ್ಲಿಸಿ ಬರಬೇಕು. ಆರಾಮಾಯಿತೆಂದು ಒಂದೂವರೆ ತಿಂಗಳಿಗೆ ಬಿಟ್ಟವರಲ್ಲಿ ರೋಗ ಮರುಕಳಿಸುತ್ತದೆ. ತೋಟದ ಕೆಲಸ ಶುರುವಾದಾಗ ಬಿಡುವವರೇ ಹೆಚ್ಚು, ಆದ್ದರಿಂದ ಆಶಾ ಕಾರ್ಯಕರ್ತೆಯ ಪಟ್ಟಿಗೆ ಕ್ಷಯದವರ ಜೊತೆ ಇವರ ಹೆಸರನ್ನೂ ಸೇರಿಸಿದರೆ ಚೆನ್ನ.

ಸ್ಯಾಂಪಲ್ ಸಾಗಿಸುವುದರಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ಮಂಗನ ಕಾಯಿಲೆಗೆ ಕಳಿಸುವ ರಕ್ತವನ್ನು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೀರಂ ಬೇರೆ ಮಾಡಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐಸ್ ಪ್ಯಾಕ್ ಜೊತೆ ಮೂರು ಪದರದ ಡಬ್ಬಿಯಲ್ಲಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ಬೇರೆ ಮಾಡದ ರಕ್ತವನ್ನು ಫ್ರೀಜರಿಗೆ ಇಟ್ಟರೆ ಕಣಗಳು ಒಡೆದು ಹಾಳಾಗುತ್ತದೆ. ಕಲ್ಚರ್ ಬಾಟಲಿಯನ್ನು ಮಾತ್ರ ಎಂದೂ ಐಸಿನಲ್ಲಿ ಇಡಬಾರದು, ಕೋಣೆಯ ಬಿಸಿಯಲ್ಲೇ ಹೋಗಬೇಕು. ಒಂದೇ ರೋಗಿಯ ಎರಡನ್ನೂ ಒಂದೇ ಡಬ್ಬಿಗೆ ತುಂಬಿ ಕಳಿಸುವವರಿದ್ದಾರೆ. ಪ್ರತಿ ಟ್ಯೂಬಿನ ಮೇಲೆ ಎರಡು ತಾರೀಖು ಇರಲಿ: ಜ್ವರ ಶುರುವಾದದ್ದು, ರಕ್ತ ತೆಗೆದದ್ದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಬರೆಯುವ ರೆಫರಲ್ ಚೀಟಿಯಲ್ಲಿ ಅವೆರಡರ ಕೆಳಗೆ ಹಿಂದಿನ ಮೂರು ವಾರದ ಕೆಲಸ, ಇಲ್ಲಿಯವರೆಗೆ ಕೊಟ್ಟ ಪ್ರತಿ ಇಂಜೆಕ್ಷನ್ನಿನ ಹೆಸರು ಮತ್ತು ಕೊಟ್ಟ ಗಂಟೆ, ಪೂರ್ತಿ ಮೈ ನೋಡಿದ್ದೀರೋ ಇಲ್ಲವೋ ಎನ್ನುವುದು, ದಿನದಿನದ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಸಂಖ್ಯೆ. ವಿಡಾಲ್ ವರದಿಯನ್ನು ಲಗತ್ತಿಸುವುದೂ ಬಿಡುವುದೂ ನಿಮ್ಮಿಷ್ಟ.